ಸುಳ್ಳಲ್ಲದ ಸುತ್ತಿಗಿ

ಹುಬ್ಬಳ್ಳಿಯಿಂದ ಬರೂವಾಗ ಅವಳ ಸ್ವಾದರಮಾವ ತಂದಿದ್ದ
ಒಂದು ಡಬ್ಬಿ ತುಂಬ ಹತ್ಯಾರ:
ಕೆಂಪು ಸುತ್ತಿಗಿ, ಹಳದಿ ಗರಗಸ,
ಬಾಯಿ ಇದ್ದೂ ಏನೂ ಕಚ್ಚದ ಹಸರು ಪಾನಾ.
ನಮ್ಮ ದ್ಯಾಮಿಗೆ ಆಗಿನ್ನೂ ಮೂರೂವರಿ,
ಹಾವೇರಿ ಪಿ.ಬಿ. ರಸ್ತೆ ಮ್ಯಾಲಿನ ನನ್ನ ಸೈಕಲ್ ಅಂಗಡ್ಯಾಗ
ಬಂಡವಾಳ ಇಲ್ಲದ ಪಾಲುದಾರಳು.

ಪಂಚರ್ ನೋಡೂ ಬೋಗುಣಿ ಐತೆಲ್ಲ, ಕರೀ ನೀರಿಂದು,
ಅದರಾಗ ಒಂದೊಂದ ಬಿಟ್ಟು ನೋಡಿದಳು.
ಸುತ್ತಿಗಿ ತೇಲಿತು. ಗರಗಸ ತೇಲಿತು.
ಪಾನಾ ಅಂಗಾತ ಮಲಗಿ ತೇಲಿತು.
ನನ್ನ ಹದಿನಾಲ್ಕು-ಹದಿನೈದರ ಪಾನಾ ಬಿಟ್ಟಳು.
ಬುಳಕ್!
"ಅಪ್ಪಾ, ಇದು ಖರೇದು," ಅಂದಳು,
"ಅವೆಲ್ಲಾ ಸುಳ್ಳ."

ಮರುದಿನ ಖರೇದು ಅಕಿ ಹೆಬ್ಬೆರಳ ಮ್ಯಾಲೆ ಬಿತ್ತು.
ಉಗುರು ನೇರಳಿಹಣ್ಣಾತು.
ಅಕಿ ಅಳಲಿಲ್ಲ. ಅವರವ್ವ ಅತ್ತಳು, ನನ್ನ ಬೈದಳು,
ಬೈಕೋತನ ಅರಿಶಿಣ ಹಚ್ಚಿದಳು.
ರಾತ್ರಿ ನನಗ ನಿದ್ದಿ ಹತ್ತಲಿಲ್ಲ.
ಸುಳ್ಳು ಕೊಟ್ರ ಕೂಸು ನಮ್ಮನ್ನ ನೋಡಿ ನಗತೈತಿ,
ಖರೇ ಕೊಟ್ರ ಖರೇನ ಬಡೀತೈತಿ.
ನಡುವಿಂದು ಯಾವ ಪ್ಯಾಟ್ಯಾಗ ಮಾರತಾರ?

ನಾಗೇಂದ್ರನಮಟ್ಟಿ ಮೌನೇಶ ಬಡಿಗ್ಯಾ ಎಲ್ಲಾ ಕೇಳಿದ.
ಒಂದು ದಾರ ತಗೊಂಡು ದ್ಯಾಮಿ ಮುಷ್ಟಿ ಸುತ್ತಿ
ಗಂಟು ಹಾಕಿ ಕಿವಿಗೆ ಸಿಗಿಸಿಕೊಂಡ:
"ಅಳತಿ ಸಿಕ್ತು."
ತಲಿ ಜಾಲಿಂದು, ಹಿಡಿಕಿ ಬೇವಿಂದು;
ಬಾಯಾಗ ಇಟ್ಟೇ ಇಡತಾಳ, ಕಹಿ ಆದ್ರ ಔಷಧ ಆಗಲಿ.
ಬಣ್ಣ ಬ್ಯಾಡ, ಅಗಸಿ ಎಣ್ಣಿ ತಿಕ್ಕಿದ್ರ ಸಾಕು.
ತೂಕ ಎಷ್ಟಿರಬೇಕಪ ಅಂದೆ.
"ಎತ್ತಿದ್ರ, ಎತ್ತೀನಿ ಅನ್ನಿಸಬೇಕು.
ಬಿದ್ರ 'ಅಯ್ಯ' ಅನ್ನಬೇಕು,
'ಅಯ್ಯಯ್ಯೋ' ಅನ್ನಬಾರದು."

ಆಮ್ಯಾಲೆ ಒಂದು ಹಲಗಿ, ಐದು ತೂತು, ಐದು ಬೋಲ್ಟು.
ನಟ್ಟು ನಾನ ಆರಿಸಿದೆ, ಅಕಿ ಬಾಯಿಗಿಂತ ಅಗಲಾದವು,
ಅಂಚು ಅರದಿಂದ ತಿಕ್ಕಿ ತಿಕ್ಕಿ ಸಕ್ಕರಿ ಅಚ್ಚಿನಂಗ ಮಾಡಿದೆ.
ಬಲಕ್ಕ ತಿರುವಿದ್ರ ಬಿಗೀಬೇಕು.
ಎಡಕ್ಕ ತಿರುವಿದ್ರ ಬಿಚ್ಚಿ ಧಡ್ ಅಂತ ಬೀಳಬೇಕು.
ಬೀಳದಿದ್ರ ಮತ್ತ ಕಟ್ಟೂದೇನು?
ಗರಗಸ?
ಮೌನೇಶ ಭಾಳ ಹೊತ್ತು ಸುಮ್ಮನ ಕುಂತ.
"ಹಲ್ಲಿಲ್ಲದ್ದು ಸುಳ್ಳ. ಹಲ್ಲಿದ್ದದ್ದು ರಗತ.
ಡಬ್ಬ್ಯಾಗ ಒಂದು ಜಾಗಾ ಖಾಲಿ ಬಿಡು. ಬೆಳೀಲಿ."

ಡಬ್ಬಿ ತಗಡಿಂದು, ಮುಚ್ಚಿದ್ರ ಟಕ್ ಅನ್ನೂವಂಥಾದ್ದು.
ಟಕ್ ಅನ್ನದಿದ್ರ ಕೆಲಸ ಮುಗಿದಂಗ ಆಗಂಗಿಲ್ಲ,
ಇದು ನನಗೂ ಗೊತ್ತು, ಇಪ್ಪತ್ತು ವರ್ಷಾತು.

ಖಾಲಿ ಜಾಗಾ ನಾಕ ದಿನ ಖಾಲಿ ಇರಲಿಲ್ಲ:
ಒಂದು ವಾಲ್ವ್ ಟ್ಯೂಬು, ಮುರಿದ ಬಳಪ,
ಬಾಜೂ ಏಲಕ್ಕಿ ಹಾರ ಮಾಡೂ ಗುಲ್ಜಾರಬಿ ಕೊಟ್ಟ
ಸಿಪ್ಪಿ ಒಡದ ಮೂರು ಏಲಕ್ಕಿ.
ಸುತ್ತಿಗಿಗೂ ಈಗ ಪಾಯಸದ ವಾಸನಿ.
ಹಳದಿ ಗರಗಸ ಬೋಗುಣ್ಯಾಗ ನಾವಿ ಆಗೇತಿ,
ಅದರ ಮ್ಯಾಲೆ ಒಬ್ಬನ ಪ್ರಯಾಣಿಕ, ಗೊದ್ದ.
ಸುಳ್ಳಿಗೂ ಒಂದು ಕೆಲಸ ಹಚ್ಯಾಳ ಹುಡುಗಿ.

ಮೊನ್ನೆ ಪೋಸ್ಟಿನ ಭೀಮಸೇನರಾಯರು ಬಂದರು.
ಸೈಕಲ್ಲಿನ ಗಂಟಿ ಸಡಲಾಗಿ ಕುಣೀತಿತ್ತು.
ನನ್ನ ಕೈ ಎರಡೂ ಇನ್ನೊಬ್ಬರ ಚೈನಿನಾಗ.
ದ್ಯಾಮಿ ಸ್ಟೂಲ್ ಎಳಕೊಂಡಳು, ಹತ್ತಿದಳು,
ನಾಲಿಗಿ ಹೊರಗ ಹಾಕಿ ಗಂಟಿ ಟೊಪ್ಪಿಗಿ
ಬಲಕ್ಕ, ಬಲಕ್ಕ, ಇನ್ನಷ್ಟು ಬಲಕ್ಕ.
ಟ್ರಿಣ್!
"ಎಷ್ಟಾತವಾ ಮೇಸ್ತ್ರಿ?" ರಾಯರು ಕಿಸೆದಾಗ ಕೈ ಇಟ್ಟರು.
ಅಕಿ ಲಂಗಕ್ಕ ಕೈ ಒರಸಿಕೊಂಡಳು,
ಡಬ್ಬಿ ಮುಚ್ಚಿದಳು, ಟಕ್,
"ನಾಳಿ ಬರ್ರಿ."

ಇದನ್ನ ನಾ ಡಬ್ಬ್ಯಾಗ ಇಟ್ಟಿರಲಿಲ್ಲ.
ಮೌನೇಶನೂ ಇಟ್ಟಿರಲಿಲ್ಲ.
ರಾಯರು ನನ್ನ ಕಡೆ ತಿರುಗಿ ನೋಡಿದರು,
ಈ ಗಂಟಿ ಸಲುವಾಗಿ
ನನ್ನ ಮೂರು 'ನಾಳಿ'ಗೆ ಬಂದು ಹೋದವರು.