ಸೇತುವೆಯ ತೂಕ

ನನ್ನ ಕೆಲಸ ಕುರ್ಚಿ ಹಾಕುವುದು.
ಹನ್ನೊಂದು ದೇಶ, ಹನ್ನೊಂದು ಕುರ್ಚಿ,
ಹಿಂದಿನ ಸಾಲಿನಲ್ಲಿ ಟಿಪ್ಪಣಿ ಬರೆಯುವವರಿಗೆ ಇನ್ನಷ್ಟು.
ಅಕ್ಷರಮಾಲೆಯ ಪ್ರಕಾರ ಕೂರಬೇಕು, ಎಂದರು ಮೊದಲ ದಿನ.
ಯಾರ ಅಕ್ಷರಮಾಲೆ, ಎಂದು ಕೇಳಿದೆ.
ಅದಕ್ಕೊಂದು ಸಮಿತಿಯಾಯಿತು.

ಗೌಯಾ ಹೊಳೆಯಾಚೆ, ಪೈನ್ ಕಾಡಿನ ನಡುವೆ
ನಂಬರು ಹಚ್ಚಿದ ಕೋಣೆಗಳು.
ಒಂದನೆಯದು ಜನರನ್ನು ಎಣಿಸುತ್ತದೆ,
ಎರಡನೆಯದು ಶತ್ರುವನ್ನು ಊಹಿಸುತ್ತದೆ,
ಮೂರನೆಯದಕ್ಕೆ ಇವತ್ತಿನ ಯುದ್ಧ, ಐದನೆಯದಕ್ಕೆ ನಾಳೆಯದು.
ನಾಲ್ಕನೆಯದರಲ್ಲಿ ಬ್ರೆಡ್ಡು, ಡೀಸೆಲ್, ಶವಪೆಟ್ಟಿಗೆ.
ನನಗೆ ಅರ್ಥವಾಗುವುದು ಅದೊಂದೇ.
ಮನೆಯಲ್ಲೂ ನನ್ನದು ನಾಲ್ಕನೇ ಕೋಣೆಯೇ.

ಎಲ್ಲರ ಮೇಲೆ ಒಬ್ಬ ಜನರಲ್.
ಅವನ ಕೈಗೆ ಸೇನೆಗಳನ್ನು ಕೊಟ್ಟಿದ್ದಾರೆ,
ಪಕ್ಕದ ಮನೆಗೆ ಬಾಣಲೆ ಕೊಟ್ಟ ಹಾಗೆ:
ಹುರಿಯಬಹುದು, ಕರಿಯಬಾರದು, ಸಂಜೆಗೆ ವಾಪಸ್ಸು.
ಒಂದು ದೇಶದ ಟ್ಯಾಂಕು ಕತ್ತಲಲ್ಲಿ ಹೊರಡುವುದಿಲ್ಲ.
ಇನ್ನೊಂದರ ಹುಡುಗರು ಗಡಿಯ ಹತ್ತಿರ ಸುಳಿಯುವಂತಿಲ್ಲ.
ಮತ್ತೊಂದರದ್ದು ಅವರ ಸಂಸತ್ತಿಗೆ ರಜೆ ಮುಗಿದ ಮೇಲೆ ತಿಳಿಯುತ್ತದೆ.
ಮೇಜರ್ ಅಬೀಲಿಯೊ ಅದನ್ನೆಲ್ಲ ಒಂದೇ ಹಾಳೆಯಲ್ಲಿ
ಕೆಂಪು ಶಾಯಿಯಿಂದ ಬರೆದಿಟ್ಟಿದ್ದಾನೆ.
ನಿಜವಾದ ಸೇನಾಪತಿ ಈ ಹಾಳೆ ಕಣಮ್ಮ, ಅನ್ನುತ್ತಾನೆ,
ಕಾಫಿಗೆ ನಾಲ್ಕು ಚಮಚ ಸಕ್ಕರೆ ಸುರಿದು.

ಮಾರ್ಚಿಯಲ್ಲಿ ಅಣಕು ಯುದ್ಧ. ಮೂರನೇ ರಾತ್ರಿ.
ನೀಲಿ ಗುಂಡುಸೂಜಿ ಅಂದರೆ ಒಂದು ಬ್ರಿಗೇಡ್.
ಕರ್ನಲ್ ಥೋರ್ಕಿಲ್ ಎರಡು ಬೆರಳಲ್ಲಿ ಎತ್ತಿ ಹೊಳೆ ದಾಟಿಸಿದ.
ಗುಂಡುಸೂಜಿಗೆ ಹೊಳೆ ದಾಟಲು ಎಷ್ಟು ಹೊತ್ತು!
ವೀತೊಲಿ ಸೇತುವೆ, ಅಂದ, ಎಪ್ಪತ್ತು ಟನ್ ಹೊರುತ್ತದೆ.

ನಾನು ಎಂಜಲು ಕಪ್ಪು ಎತ್ತುತ್ತಿದ್ದೆ.
ಬಾಯಿ ನನ್ನನ್ನು ಕೇಳದೆ ಹೇಳಿತು: ಹೊರಲ್ಲ.
ಹೋದ ವರ್ಷ ಮಂಜು ಒಡೆದಾಗ ಎರಡನೇ ಕಂಬ ಅಲುಗಿದೆ.
ಹಾಲಿನ ಟ್ಯಾಂಕರ್ ಕೂಡ ಈಗ ಸುತ್ತು ಹಾಕಿ ಬರುತ್ತದೆ.
ನನ್ನ ತಂಗಿ ಇರುವುದು ಅಲ್ಲಿ.

ನಮ್ಮ ಭಾಷೆಯಲ್ಲಿ ಅಂದದ್ದು ಇಂಗ್ಲಿಷಾಯಿತು, ಇನ್ನೇನೋ ಆಯಿತು,
ಮೇಜಿನ ಆ ತುದಿ ಮುಟ್ಟುವಷ್ಟರಲ್ಲಿ
‘ಹಾಲು ತಡವಾಗಿದೆ’ ಎಂದಾಗಿತ್ತು.
ಕ್ಯಾಪ್ಟನ್ ಇನ್ಯಿಗೊ ಪರವಾಗಿಲ್ಲ ಎಂದು ಕೈಯಾಡಿಸಿದ,
ಅವನು ಕುಡಿಯುವುದು ಕಪ್ಪು ಕಾಫಿ.

ಸರಿಯಾಗಿ ತಿಳಿದ ಮೇಲೂ, ಇದು ಯಾವ ಕೋಣೆಯ ಸುದ್ದಿ?
ಸೇತುವೆ ಶತ್ರುವಲ್ಲ, ಎಂದಿತು ಎರಡನೆಯದು.
ಹಾಲು ನಮ್ಮದಲ್ಲ, ಎಂದಿತು ನಾಲ್ಕನೆಯದು.
ಊರವರ ಜೊತೆ ಮಾತಾಡಲೆಂದೇ ಇರುವ ಒಂಬತ್ತನೆಯದರವನು
ರಜೆಯಲ್ಲಿದ್ದ.

ಹತ್ತಾಳು ಕೂಡಿದರೆ ಹಾವು ಸಾಯದಂತೆ.
ಇಲ್ಲಿ ಹನ್ನೊಂದು.
ಹಾವು ಒಳಗೆ ಬಂದರೆ
ಅದಕ್ಕೂ ನಾನೇ ಕುರ್ಚಿ ಹುಡುಕಬೇಕು.

ಆಗ ಮೂಲೆಯಲ್ಲಿದ್ದ ಡ್ರೈವರ್, ಅಲ್ಬೇನಿಯಾದ ಬೆಸ್ನಿಕ್,
ಜೀಪಿನ ಬೀಗದ ಕೈ ಕುಲುಕಿ ನನ್ನ ಕಡೆ ನೋಡಿದ.
ಎರಡು ಗಂಟೆಯ ದಾರಿ. ಒಂದು ಮಾತಿಲ್ಲ,
ಇಬ್ಬರಿಗೂ ಬರುವ ಭಾಷೆಯಿಲ್ಲ.
ಟಾರ್ಚು ಕಚ್ಚಿಕೊಂಡು ಸೇತುವೆಯ ಅಡಿಗೆ ಇಳಿದ,
ಮಂಡಿವರೆಗೆ ನೀರು.
ತಿರುಗಿ ಬಂದು, ಯಾರ ಅಪ್ಪಣೆಯೂ ಇಲ್ಲದೆ,
ನಕ್ಷೆಯ ಮೇಲೆ ನೀಲಿ ಸೂಜಿಯ ಪಕ್ಕ ಇಟ್ಟ
ಮುಷ್ಟಿಗಾತ್ರದ ಕಾಂಕ್ರೀಟು ತುಂಡು, ತುಕ್ಕು ಕಂಬಿ ಸಮೇತ.

ಅದನ್ನು ಯಾರೂ ಅನುವಾದಿಸಲಿಲ್ಲ.

ಆಮೇಲೆ ಹನ್ನೊಂದು ಫೋನು, ಹನ್ನೊಂದು ರಾಜಧಾನಿ.
ಬೆಳಗಿನ ಜಾವದವರೆಗೆ ಕಾಫಿ ಕಾಸಿದೆ, ಬೈದುಕೊಂಡೆ.
ಬೈಯುತ್ತಲೇ ಅಜ್ಜಿ ನೆನಪಾದಳು.
ಅವಳು ಕಂಡ ಸೇನೆಗೆ ಈ ರಗಳೆ ಇರಲಿಲ್ಲ.
ಒಂದು ಭಾಷೆ. ಒಂದು ಕೂಗು.
ಒಂದೇ ರಾತ್ರಿಯಲ್ಲಿ ಊರಿಗೆ ಊರೇ ರೈಲಿನಲ್ಲಿ.
ಬೈಯುವುದು ನಿಲ್ಲಿಸಿದೆ. ಇನ್ನೊಂದು ಕೆಟಲ್ ಇಟ್ಟೆ.

ಏಳಕ್ಕೆ ತಂಗಿ ಸ್ಮುಯಿದ್ರಾಳ ಫೋನು:
ಅಕ್ಕಾ, ಏನಾಗಿದೆ ನಿಮಗೆಲ್ಲ?
ಮೇಲಿನ ದಾರಿಯಲ್ಲಿ ಹಾಲಿನ ಗಾಡಿ ಹೋಗುತ್ತಿದೆ,
ಅದರ ಹಿಂದೆ, ಹಾರ್ನ್ ಕೂಡ ಮಾಡದೆ,
ನಲವತ್ತು ಟ್ಯಾಂಕು.