ನಲವತ್ತೊಂದನೆಯ ಪುಟ

ತ್ಬಿಲಿಸಿಯಲ್ಲಿ ಆ ಚಳಿಗಾಲ ಕರೆಂಟಿರಲಿಲ್ಲ.
ಟೈಪ್‌ರೈಟರಿಗೆ, ಪುಣ್ಯಕ್ಕೆ, ಅದು ಬೇಕಿರಲಿಲ್ಲ.
ಪದಕೋಶ ಮುಗಿಯಲೇಬೇಕು ಅಂದಿದ್ದರು ಸಂಸ್ಥೆಯ ಹಿರಿಯರು,
ಸಂಬಳದ ಮಾತು ಎತ್ತಿರಲಿಲ್ಲ.
ಕೈಗವಸಿನ ಬೆರಳತುದಿ ಕತ್ತರಿಸಿಕೊಂಡು
ಮೇಣದಬತ್ತಿಯ ಪಕ್ಕ ಕೂತು ಕುಟ್ಟುತ್ತಿದ್ದೆ.

ರೂಢಿ: ಒಂದೇ ಸದ್ದು ಮತ್ತೆ ಮತ್ತೆ ಬಿದ್ದಾಗ
ಕಿವಿ ಬೆಚ್ಚುವುದನ್ನು ಬಿಡುವುದು.
ಬೀದಿಯಲ್ಲಿ ಯಾರೋ ಗುಂಡು ಹಾರಿಸಿದರು.
ಪೂರ್ಣವಿರಾಮ ಇಟ್ಟೆ.

ನಂದಿಕೆ: ಗಂಟೆ ಬಾರಿಸಿ ಬಾರಿಸಿ ತಿನ್ನಲು ಕೊಡದಿದ್ದರೆ
ನಾಯಿಯ ಬಾಯಲ್ಲಿ ನೀರು ಬತ್ತುವುದು.
ಎಷ್ಟು ದಿನಕ್ಕೆ, ಕರಡಿನಲ್ಲಿ ಇರಲಿಲ್ಲ.
ಕೇಳಿದೆ.
ಅದು ನಾಯಿಯ ಮೇಲೆ ಹೋಗುತ್ತಮ್ಮ, ಅಂದರು.

ಪಕ್ಕದ ಕೋಣೆಯಲ್ಲಿ ನಾಜಿಬ್ರೋಲಾ.
ಮೂವತ್ತು ವರ್ಷದಿಂದ ಅವಳಿಗೆ ಒಂದೇ ಕೆಲಸ:
ಕಣ್ಣು ಮುಚ್ಚಿ ಕೂತವರ ಅಂಗೈಗಳಲ್ಲಿ
ಮರದ ಎರಡು ಚೆಂಡು ಇಡುವುದು,
ಎಡಕ್ಕೆ ದೊಡ್ಡದು, ಬಲಕ್ಕೆ ಚಿಕ್ಕದು.
ಹದಿನೈದು ಸಲ ಹೀಗೆ.
ಹದಿನಾರನೆಯ ಸಲ ಎರಡೂ ಸರಿಸಮ.
ಈಗ? ಅನ್ನುತ್ತಾಳೆ.
ಬಲಗೈದು ದೊಡ್ಡದು, ಅನ್ನುತ್ತಾರೆ
ಗಣಿತದ ಮೇಷ್ಟ್ರು, ಟ್ರಾಮಿನ ಡ್ರೈವರು,
ಶಿಲುಬೆ ಮುಟ್ಟಿ ಆಣೆ ಇಟ್ಟ ಒಬ್ಬ ಪಾದ್ರಿ ಕೂಡ.

ಸನ್ನದ್ಧತೆ: ಕಳೆದದ್ದರ ಅಳತೆ ಹಿಡಿದು
ಬರಲಿರುವುದಕ್ಕೆ ಮೊದಲೇ ಸಿದ್ಧವಾಗಿ ನಿಂತ ಮೈ.
ಈ ಒಂದು ಸಾಲನ್ನು ನಾಲ್ಕು ಸಲ ಟೈಪು ಮಾಡಿಸಿದರು.
ಮೈ ಎನ್ನಬೇಕೋ ಮನಸ್ಸು ಎನ್ನಬೇಕೋ
ಜಗಳ ಹರಿಯಲಿಲ್ಲ.

ಮಧ್ಯಾಹ್ನ ಅವಳು ಬಂದಳು,
ರಾತ್ರಿಯಿಡೀ ಸರದಿಯಲ್ಲಿ ನಿಂತು ತಂದ
ಅರ್ಧ ಶೋತಿ ರೊಟ್ಟಿ, ಹಳೆ ಪತ್ರಿಕೆಯಲ್ಲಿ ಸುತ್ತಿ.
ಇಬ್ಬರು ಗಂಡುಮಕ್ಕಳು ಅವಳಿಗೆ.
ಕಿರಿಯ ಒತಿಯಾಗೆ ಎಡಗೈಯ ದೊಡ್ಡ ತುಂಡು,
ಗುದುಜಾಗೆ ಬಲಗೈದು.
ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ ಅಲ್ವೇನಮ್ಮ,
ಎಂದು ನಗುತ್ತಿದ್ದನಂತೆ ಗುದುಜಾ.
ಬೇಸಿಗೆಯಲ್ಲಿ ಸುಖುಮಿಗೆ ಹೋದ. ಯುದ್ಧಕ್ಕೆ.
ಒಂದು ಕಾಗದ ಬಂತು. ಆಮೇಲೆ ಬರಲಿಲ್ಲ.

ರೊಟ್ಟಿ ಮುರಿದಳು.
ಎರಡೂ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.
ಸಮ ಮಾಡಿಯೇ ಮುರಿದಿದ್ದೀನಿ, ಅಂದಳು,
ಮನೆಯಲ್ಲೂ ಈಗ ಸಮವೇ, ದಿನಾ ಎರಡು ತುಂಡು.
ಆದರೂ ಅವನದೇ ಜಾಸ್ತಿ ಅನ್ನುತ್ತೆ ನೋಡು ಈ ಕೈ.
ಸುಳ್ಳು ಅಂತ ನನಗಿಂತ ಚೆನ್ನಾಗಿ
ಈ ಊರಲ್ಲಿ ಇನ್ಯಾರಿಗೆ ಗೊತ್ತು?

ಯಂತ್ರದಲ್ಲಿ ಹಾಳೆ ಹಾಗೇ ಇತ್ತು,
ಭ್ರಮೆ, ಮುಂದೆ ಎರಡು ಚುಕ್ಕೆ.

ತಗೋ, ಇದು ದೊಡ್ಡದು, ಎಂದು
ಬಲಗೈಯದನ್ನು ನನಗೆ ಕೊಟ್ಟಳು.
ದೊಡ್ಡದನ್ನು ತಿನ್ನುವ ಹಾಗೇ ತಿಂದೆ, ನಿಧಾನವಾಗಿ.
ಚೂರುಗಳು ಕೀಲಿಗಳ ಸಂದಿಗೆ ಬಿದ್ದವು.
ಆ ವಾರವೆಲ್ಲ ಒಂದು ಅಕ್ಷರ
ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು.