ಬಡಿದು ಕೇಳುವುದು

ಅಕ್ಟೋಬರ್ ಹದಿನೇಳು, ಬೆಳಗಿನ ಆರೂವರೆ.
ಕಿತಾಮಿ ಕಡೆಯ ಹೆದ್ದಾರಿಗೆ ಒಂದು ಮಗ್ಗುಲು ಮುಚ್ಚಿ
ಕೆಂಪು ಶಂಕುಗಳ ಸಾಲು ಇಟ್ಟು
ತೊಟ್ಟಿಲಿನಂಥ ಬುಟ್ಟಿಯಲ್ಲಿ ನಾನೂ ಓಬಾನೂ
ಕಟಕಟೆ ದಾಟಿ ಸೇತುವೆಯ ಹೊಟ್ಟೆಯ ಕೆಳಗೆ ಇಳಿದೆವು.

ಮೇಲೆ ಈರುಳ್ಳಿ ಲಾರಿಗಳು.
ಹಿಮ ಬೀಳುವ ಮೊದಲು ಎಲ್ಲರಿಗೂ ಎಲ್ಲಿಗೋ ಅವಸರ.
ಕಾದು ನಿಂತ ಚಾಲಕರ ಬೈಗುಳ
ಕಾಂಕ್ರೀಟು ತೂರಿ ಬರುವುದಿಲ್ಲ, ಪುಣ್ಯ.

ಸುತ್ತಿಗೆಯ ತಲೆ ಸಣ್ಣದು, ಹಿಡಿ ಉದ್ದ.
ಇದರ ಕೆಲಸ ಕೇಳುವುದು.
ಟಣ್ ಎಂದರೆ ಗಟ್ಟಿ. ಟಣ್, ಟಣ್, ಮುಂದೆ ಹೋಗು.
ಬೊದ್ ಎಂದರೆ ನಿಲ್ಲು.
ಹೊರಗೆ ಮೈ ನುಣ್ಣಗಿದ್ದೀತು; ಒಳಗೆ
ಚಳಿಗಾಲವೆಲ್ಲ ರಸ್ತೆಗೆ ಎರಚಿದ ಉಪ್ಪು.
ಉಪ್ಪು ತಿಂದ ಕಬ್ಬಿಣ ನೀರು ಕುಡಿಯಲೇಬೇಕು,
ಕುಡಿದು ಉಬ್ಬಲೇಬೇಕು,
ಉಬ್ಬಿ ತನ್ನ ಹೊದಿಕೆಯನ್ನು ತಾನೇ ಒದೆಯಬೇಕು.

ಓಬಾನಿಗೆ ಇಪ್ಪತ್ತಮೂರು. ಕೇಳಿದ:
"ನುಮಾತಾ-ಸಾನ್, ಇದಕ್ಕೆಲ್ಲ ಈಗ ಯಂತ್ರ ಇದೆಯಲ್ಲ?"
ಇದೆ. ಹಾರುವ ಕ್ಯಾಮೆರಾ ಇದೆ, ಶಾಖ ನೋಡುವ ಕಣ್ಣಿದೆ.
ಅವು ತೋರಿಸಿದ ಜಾಗಕ್ಕೆ ಕೊನೆಗೆ
ಯಾರಾದರೂ ಹೋಗಿ ಬಡಿಯಬೇಕು.
ನಮ್ಮಮ್ಮ ಕಲ್ಲಂಗಡಿ ಕೊಳ್ಳುತ್ತಿದ್ದುದೂ ಹೀಗೇ,
ಅಂಗಡಿಯವನ ಬಾಯಿ ಬಿಟ್ಟು
ತನ್ನ ಬೆರಳಗೆಣ್ಣು ನಂಬಿ.

ಎರಡನೆಯ ಕಂಬದ ಹತ್ತಿರ ನೀರಿನ ಕಂಡಿ.
ಎಲೆ, ಮರಳು, ಯಾವುದೋ ಮಗುವಿನ ಕೈಗವಸು
ಎಲ್ಲ ಸೇರಿ ಮೆತ್ತಿಕೊಂಡ ಬಿರಡೆ.
ಸಲಾಕೆಯಿಂದ ತಿವಿದೆ. ಕಪ್ಪು ನೀರು ಗಳಗಳ ಸುರಿದು
ತೋಳಿನವರೆಗೆ ತೋಯಿಸಿತು. ಓಬಾ ನಕ್ಕ.
ನಗು, ಆದರೆ ನೆನಪಿಟ್ಟುಕೊ:
ಲಾರಿಗಿಂತ ಹೆಚ್ಚು ಸೇತುವೆ ಕೊಂದದ್ದು
ಹೋಗಲು ದಾರಿ ಸಿಗದ ನೀರು.

ಮೂರನೆಯ ಕಂಬದ ನೆತ್ತಿ.
ಮಳೆ ತಾಗದ ಮೂಲೆಯಲ್ಲಿ
ಐದು ವರ್ಷದ ಹಿಂದಿನ ಸೀಮೆಸುಣ್ಣ ಇನ್ನೂ ಇತ್ತು.
ಬಾಲ ಎತ್ತಿದ ಏಳು, ನನ್ನದೇ ಕೈಬರಹ.
ಪಕ್ಕದಲ್ಲಿ, "ದೋಷವಿಲ್ಲ."

ಬಡಿದೆ.
ಬೊದ್.
ಗೇಣು ಆಚೆ. ಬೊದ್.
ಮೊಳ ಆಚೆ. ಬೊದ್.
ತಟ್ಟೆಯಷ್ಟು ಅಂದುಕೊಂಡದ್ದು
ಬಾಗಿಲಿನಷ್ಟು ಹರಡಿತ್ತು.

ಐದು ವರ್ಷದಲ್ಲಿ ಇಷ್ಟು ಬೆಳೆಯುವುದಿಲ್ಲ.
ಅವತ್ತು ಸಂಜೆಯಾಗಿತ್ತು. ಅಬಾಶಿರಿಯ ಆಸ್ಪತ್ರೆಯಿಂದ
ಅಕ್ಕ ಎರಡು ಸಲ ಫೋನು ಮಾಡಿದ್ದಳು.
ಬಡಿಯಲಿಲ್ಲವೋ,
ಬಡಿದೂ ಕೇಳಲಿಲ್ಲವೋ.

ಓಬಾ ಮೆಲ್ಲನೆ ಅಂದ, "ಆಮೇಲೆ ಆಗಿರಬಹುದು.
ಎರಡು ಚಳಿಗಾಲ ಜೋರಿತ್ತಲ್ಲ."
ಒಳ್ಳೆಯ ಹುಡುಗ. ಬಾಗಿಲು ತೆರೆದು ಹಿಡಿದಿದ್ದ,
ನಾನು ದಾಟಿ ಹೋಗಬಹುದಿತ್ತು.

ಆಗ ಮೇಲೆ ಲಾರಿಯೊಂದು ಕೀಲಿನ ಮೇಲೆ ಎಗರಿ
ಈರುಳ್ಳಿಯೊಂದು ಕಟಕಟೆ ಹಾರಿ
ಬುಟ್ಟಿಯ ಪಕ್ಕದಲ್ಲೇ ಹಾದು ನದಿಗೆ ಹೋಯಿತು.
ಇಬ್ಬರೂ ಬಗ್ಗಿ ನೋಡಿದೆವು.
ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು.

ಸಡಿಲವಾದದ್ದನ್ನೆಲ್ಲ ಕೆಡವಿ, ಸುತ್ತ ಗೆರೆ ಎಳೆದು,
ಹಳೆಯ ಬರಹ ಒರೆಸದೆ
ಅದರ ಕೆಳಗೇ ತಾರೀಖು, ಅಳತೆ, ಆಮೇಲೆ:
"ಕಳೆದ ಸಲ ತಪ್ಪಿಹೋಗಿತ್ತು. ನೋಡಿದವಳು ನುಮಾತಾ ಹತ್ಸುಎ.
ಹಿಮಕ್ಕೆ ಮೊದಲು ದುರಸ್ತಿ."

"ಫಾರಂನಲ್ಲಿ ಇದಕ್ಕೆ ಖಾನೆ ಇಲ್ಲ," ಅಂದ ಓಬಾ.
ಅಂಚಿನಲ್ಲಿ ಬರಿ.

ನಾಲ್ಕನೆಯ ಕಂಬಕ್ಕೆ ಸುತ್ತಿಗೆ ಅವನ ಕೈಗೆ ಕೊಟ್ಟೆ.
"ಟಣ್," ಅಂದುಬಿಟ್ಟ, ಬಾಯಲ್ಲೇ,
ಸುತ್ತಿಗೆ ತಾಗುವ ಮೊದಲೇ.
ಮತ್ತೆ ಬಡಿ, ಅಂದೆ.
ಈ ಸಲ ಅದು ಹೇಳಲಿ.